ಹಳೆಯ ಕಾರಿನ ಟ್ಯಾಕೋಮೀಟರ್ ಕೈಕೊಟ್ಟಾಗ: ಡಯಲ್ ಬಿಚ್ಚುವ ಮೊದಲು ನೋಡಬೇಕಾದದ್ದು

ಒಂದು ಮಳೆಗಾಲದ ಸಂಜೆ ಚೆರ್ಕಳದಿಂದ ಜಾಲ್ಸೂರಿನ ಕಡೆಗೆ ಹೋಗುತ್ತಿದ್ದಾಗ, ಮುಳ್ಳೇರಿಯ ದಾಟಿ ಆದೂರು ತಲುಪುವ ಮೊದಲೇ ನನ್ನ ಪದ್ಮಿನಿ ಕಾರಿನ ಟ್ಯಾಕೋಮೀಟರಿನ, ಅಂದರೆ ಇಂಜಿನ್ನಿನ ಸುತ್ತನ್ನು ತೋರಿಸುವ ಮೀಟರಿನ, ಮುಳ್ಳು ಎರಡು ಸಲ ಮೇಲಕ್ಕೆ ಹಾರಿ ಸೊನ್ನೆಗೆ ಬಿತ್ತು. ಅದರ ಬೆನ್ನಿಗೇ ಇಂಜಿನ್ ಕೂಡ ನಿಂತಿತು. ಆ ಕಾರಿನಲ್ಲಿ ಟ್ಯಾಕೋಮೀಟರ್ ಮೊದಲಿನಿಂದ ಇದ್ದದ್ದಲ್ಲ, ಹಿಂದಿನ ಮಾಲಿಕರು ಹೊರಗಿನಿಂದ ತಂದು ಕೂರಿಸಿದ್ದು. ಪ್ಲಗ್‌ಗಳಿಗೆ ಬೇಕಾದ ಕಿಡಿಯನ್ನು ಹುಟ್ಟಿಸುವ ಇಗ್ನಿಷನ್ ಕಾಯಿಲ್‌ನಿಂದ ಮೀಟರಿಗೆ ಬರುವ ಸಂಕೇತದ ವಯರನ್ನು ಇಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ತೂತಿನಲ್ಲಿ ರಬ್ಬರ್ ಗ್ರೊಮೆಟ್ ಇಲ್ಲದೆಯೇ ಹಾಯಿಸಿದ್ದರು. ಅದು ವರ್ಷಾನುಗಟ್ಟಲೆ ತಗಡಿಗೆ ಉಜ್ಜಿ, ಹೊದಿಕೆ ಸವೆದು, ಒಳಗಿನ ತಾಮ್ರ ಬಾಡಿಗೆ ತಾಗಿದ್ದರಿಂದ ಕಾಯಿಲ್‌ನ ಋಣ ತುದಿ ಶಾಶ್ವತವಾಗಿ ಅರ್ತ್ ಆಗಿ (ಬಾಡಿಯ ಮೂಲಕ ಬ್ಯಾಟರಿಗೆ ಸೇರಿ) ಕಿಡಿಯೇ ಬರದಂತಾಗಿತ್ತು. ಕಾಯಿಲ್‌ನಲ್ಲಿ ಆ ಒಂದು ವಯರನ್ನು ಕಳಚಿದ ಕೂಡಲೇ ಇಂಜಿನ್ ಹೊತ್ತಿಕೊಂಡಿತು.

ಇದಕ್ಕೆ ಒಂದು ತಿಂಗಳ ಹಿಂದೆಯೇ ಮುಳ್ಳು ಕುಣಿಯತೊಡಗಿತ್ತು. ಆಗ ನಾನು ವಯರನ್ನು ನೋಡದೆ ನೇರವಾಗಿ ಮೀಟರನ್ನೇ ಬಿಚ್ಚಿ, ದೋಷವಿಲ್ಲದ ಯಂತ್ರದೊಳಗೆ ದೋಷವನ್ನು ಹುಡುಕಿದ್ದೆ. ನಾವೆಲ್ಲ ಇಚ್ಚ ಎಂದು ಕರೆಯುವ, ಬದಿಯಡ್ಕದ ಕಡೆಯ ಹಿರಿಯ ಇಲೆಕ್ಟ್ರಿಷಿಯನ್ ಒಬ್ಬರು ಅದನ್ನು ಕೇಳಿ, "ಮಾಷ್ಟ್ರೇ, ಮೀಟರ್ ಬಿಚ್ಚುವ ಮೊದಲು ಅದಕ್ಕೊಂದು ಹೊಸ ಅರ್ತ್ ಕೊಟ್ಟು ನೋಡಬೇಕಿತ್ತು" ಎಂದರು. ಆ ಮಾತಿನ ಹಿಂದೆ ಒಂದು ಕ್ರಮವಿದೆ ಎಂಬುದು ನನಗೆ ಆಮೇಲೆ ಹಲವು ಹಳೆಯ ಕಾರುಗಳಲ್ಲಿ ಕೆಲಸ ಮಾಡುತ್ತ ಮನದಟ್ಟಾಯಿತು. ನಾನು ಕಂಡ ಕೆಟ್ಟ ಟ್ಯಾಕೋಮೀಟರ್‌ಗಳಲ್ಲಿ ಹೆಚ್ಚಿನವುಗಳ ದೋಷ ಡಯಲಿನ ಹೊರಗೆ, ಅರ್ತ್‌ನಲ್ಲೋ ಫ್ಯೂಸ್‌ನಲ್ಲೋ ಸಂಕೇತದ ವಯರಿನಲ್ಲೋ ಇತ್ತು. ಆದ್ದರಿಂದ ಕೆಳಗಿನ ಹಂತಗಳು ಹೊರಗಿನಿಂದ ಒಳಕ್ಕೆ ಹೋಗುತ್ತವೆ, ಮತ್ತು ಡಯಲಿನ ಗಾಜನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಯಲ್ಲಿ.

ಮೊದಲು ಮೀಟರಿನ ಜಾತಿಯನ್ನು ತಿಳಿಯಿರಿ

ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವುದೇ ಎಲ್ಲ ಟ್ಯಾಕೋಮೀಟರ್‌ಗಳ ಕೆಲಸವಾದರೂ ಅವು ಆ ಸುದ್ದಿಯನ್ನು ಪಡೆಯುವ ದಾರಿ ಬೇರೆ ಬೇರೆ. ದಾರಿ ತಿಳಿಯದೆ ಪರೀಕ್ಷೆಗೆ ಇಳಿದರೆ ಇಲ್ಲದ ವಯರನ್ನು ಹುಡುಕುತ್ತ ದಿನ ಕಳೆಯಬೇಕಾಗುತ್ತದೆ.

ಮೀಟರಿನ ಹಿಂಭಾಗಕ್ಕೆ ವೇಗಮಾಪಕಕ್ಕಿರುವಂತೆಯೇ ದಪ್ಪನೆಯ ಕೇಬಲ್ ಬಂದು ಸೇರುತ್ತಿದ್ದರೆ ಅದು ಯಾಂತ್ರಿಕ ಮೀಟರ್. ಬ್ರಿಟನ್ನಿನ ಎಂ.ಜಿ.ಎ. ಕಾರಿನಲ್ಲಿ ಡೈನಮೋದ ಹಿಂತುದಿಯಲ್ಲಿರುವ ಚಿಕ್ಕ ಗೇರ್ ಪೆಟ್ಟಿಗೆಯಿಂದ ಈ ಕೇಬಲ್ ಹೊರಡುತ್ತದೆ. ಬೇರೆ ಕಾರುಗಳಲ್ಲಿ ಅದು ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನಿಂದಲೋ ಕ್ಯಾಮ್‌ಶಾಫ್ಟ್‌ನಿಂದಲೋ ಬರಬಹುದು. ಕೇಬಲ್ ಇಲ್ಲದೆ ವಯರುಗಳು ಮಾತ್ರ ಇದ್ದರೆ ಅದು ವಿದ್ಯುತ್ ಮೀಟರ್, ಮತ್ತು ಅದರಲ್ಲಿ ಮುಖ್ಯವಾಗಿ ಎರಡು ಬಗೆ. 1960ರ ದಶಕದ ಬ್ರಿಟಿಷ್ ಕಾರುಗಳಲ್ಲಿ ಕಾಣುವ ಸ್ಮಿತ್ಸ್ ಕಂಪನಿಯ ಮೀಟರ್‌ಗಳ ಡಯಲಿನ ಕೆಳಭಾಗದಲ್ಲಿ ಆರ್.ವಿ.ಐ. ಎಂಬ ಅಕ್ಷರಗಳಿರುತ್ತವೆ. ಇಗ್ನಿಷನ್ ಸ್ವಿಚ್‌ನಿಂದ ಕಾಯಿಲ್‌ಗೆ ಹೋಗುವ ಬಿಳಿಯ ವಯರ್ ಈ ಮೀಟರಿನ ಬೆನ್ನಿನಲ್ಲಿ ಒಂದು ಸುರುಳಿಯಾಗಿ ಸುತ್ತಿಕೊಂಡು ಮುಂದಕ್ಕೆ ಸಾಗುತ್ತದೆ, ಮತ್ತು ಆ ವಯರಿನಲ್ಲಿ ಹರಿಯುವ ಕರೆಂಟಿನ ಏರಿಳಿತವನ್ನು ಮೀಟರ್ ಎಣಿಸುತ್ತದೆ. 1970ರ ದಶಕದಲ್ಲಿ ಬಂದ ಆರ್.ವಿ.ಸಿ. ಮಾದರಿಗಳೂ, ಇಂದು ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಮೀಟರ್‌ಗಳಲ್ಲಿ ಬಹುತೇಕವೂ ಕಾಯಿಲ್‌ನ ಋಣ ತುದಿಯಲ್ಲಿ ಏಳುವ ವೋಲ್ಟೇಜಿನ ಮಿಡಿತವನ್ನು ಎಣಿಸುತ್ತವೆ. ಇವುಗಳಿಗೆ ವಿದ್ಯುತ್ತು, ಅರ್ತ್, ಸಂಕೇತ ಎಂದು ಮೂರು ವಯರುಗಳು, ಜೊತೆಗೆ ದೀಪಕ್ಕೆ ಒಂದು.

ಡೀಸೆಲ್ ಇಂಜಿನ್ನಿಗೆ ಕಾಯಿಲೇ ಇಲ್ಲದಿರುವುದರಿಂದ ಸಂಕೇತವು ಸಾಮಾನ್ಯವಾಗಿ ಆಲ್ಟರ್ನೇಟರಿನ ಡಬ್ಲ್ಯೂ ತುದಿಯಿಂದ ಬರುತ್ತದೆ. ಡೀಸೆಲ್ ಅಂಬಾಸಿಡರ್‌ಗೆ ಪೆಟ್ರೋಲ್ ಕಾರಿನ ಮೀಟರನ್ನು ಕೂರಿಸಿ, ಮುಳ್ಳು ಅಲುಗದಿದ್ದಾಗ ಮೀಟರ್ ಕೆಟ್ಟಿದೆ ಎಂದು ಹಿಂತಿರುಗಿಸಿದವರನ್ನು ನಾನು ಬಲ್ಲೆ.

ಕೈಗೆ ಬೇಕಾದದ್ದು, ಮನಸ್ಸಿನಲ್ಲಿ ಇರಬೇಕಾದದ್ದು

ಒಂದು ಮಲ್ಟಿಮೀಟರ್, 12 ವೋಲ್ಟಿನ ಚಿಕ್ಕ ಬಲ್ಬಿನ ಟೆಸ್ಟ್ ಲ್ಯಾಂಪ್, ಎರಡು ಆಂಪಿಯರ್ ಫ್ಯೂಸ್ ಕೂಡಿಸಿದ ಮೂರು ಮೀಟರ್ ಉದ್ದದ ಒಂದು ವಯರ್, ಫ್ಯೂಸಿಲ್ಲದ ಇನ್ನೆರಡು ವಯರುಗಳು, ಎಮರಿ ಕಾಗದ, ಸಣ್ಣ ಅಂತರ ಅಳೆಯುವ ಫೀಲರ್ ಗೇಜ್, ಇವಿಷ್ಟು ಸಾಕು. ವಯರುಗಳನ್ನು ಬಿಚ್ಚುವ ಮೊದಲು ಬ್ಯಾಟರಿಯ ಅರ್ತ್ ತುದಿಯನ್ನು ಕಳಚಬೇಕು. ಬ್ರಿಟನ್ನಿನ ಲೂಕಾಸ್ ಕಂಪನಿಯ ವಯರಿಂಗ್ ಇರುವ ಕಾರುಗಳಲ್ಲಿ ಬಿಳಿಯ ವಯರಿಗೆ ಫ್ಯೂಸ್ ಇರುವುದಿಲ್ಲ, ಹಾಗಾಗಿ ಅದು ಬಾಡಿಗೆ ತಾಗಿದರೆ ಫ್ಯೂಸ್ ಹಾರುವ ಬದಲು ವಯರೇ ಸುಡುತ್ತದೆ. ಇಂಜಿನ್ ಓಡಿಸದೆ ಇಗ್ನಿಷನ್ ಕೀಲಿಯನ್ನು ಬಹಳ ಹೊತ್ತು ತೆರೆದಿಡಬಾರದು. ಡಿಸ್ಟ್ರಿಬ್ಯೂಟರಿನೊಳಗೆ ಕಾಯಿಲ್‌ನ ಕರೆಂಟನ್ನು ಬಿಟ್ಟು ಕಡಿಯುವ ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ ಕಾಯಿಲ್ ಬಿಸಿಯಾಗಿ ಹಾಳಾಗುತ್ತದೆ. ಕಾಯಿಲ್‌ನ ನಡುವಿನ ದಪ್ಪ ವಯರಿನಲ್ಲಿ ಹತ್ತಾರು ಸಾವಿರ ವೋಲ್ಟ್ ಇರುವುದರಿಂದ ಇಂಜಿನ್ ಓಡುತ್ತಿರುವಾಗ ಅದರ ಹತ್ತಿರ ಕೈ ಸುಳಿಯಬಾರದು.

ಇನ್ನೊಂದು ಸಂಗತಿಯನ್ನು ಬ್ಯಾಟರಿಯ ಬಳಿಯಲ್ಲೇ ಖಚಿತಪಡಿಸಿಕೊಳ್ಳಿ. 1960ರ ದಶಕದ ನಡುಭಾಗದವರೆಗಿನ ಹಲವು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿ ಬಾಡಿಗೆ ಸೇರಿರುತ್ತದೆ. ಹಿಂದಿನವರು ಯಾರೋ ಅದನ್ನು ಋಣ ಅರ್ತ್‌ಗೆ ಬದಲಿಸಿ, ಟ್ಯಾಕೋಮೀಟರನ್ನು ಬದಲಿಸದೆ ಬಿಟ್ಟಿರುವುದೂ ಉಂಟು. ಟ್ರಾನ್ಸಿಸ್ಟರ್ ಇರುವ ಮೀಟರಿಗೆ ವಿದ್ಯುತ್ತನ್ನು ತಿರುವುಮುರುವಾಗಿ ಕೊಟ್ಟರೆ ಅದು ಒಂದೇ ಕ್ಷಣದಲ್ಲಿ ಸಾಯಬಹುದು.

ಮುಳ್ಳು ಏನು ಹೇಳುತ್ತಿದೆ

ಸ್ಪ್ಯಾನರ್ ಹಿಡಿಯುವ ಮೊದಲು ಹತ್ತು ನಿಮಿಷ ಕಾರನ್ನು ಓಡಿಸಿ, ಮುಳ್ಳನ್ನು ನೋಡಿ, ಕಂಡದ್ದನ್ನು ಬರೆದಿಡಿ. ಮುಳ್ಳು ಸಂಪೂರ್ಣ ಸತ್ತಿದೆಯೇ, ಅಥವಾ ಆಗಾಗ ಬೀಳುತ್ತಿದೆಯೇ? ಇಂಜಿನ್ ಬಿಸಿಯಾದ ಮೇಲೆ ಮಾತ್ರ ಕೆಡುತ್ತದೆಯೇ? ಹೆಡ್‌ಲೈಟ್ ಹಾಕಿದಾಗ ಓದು ಬದಲಾಗುತ್ತದೆಯೇ? ಹೆಚ್ಚಿನ ವೇಗದಲ್ಲಿ ಮಾತ್ರ ಕುಣಿಯುತ್ತದೆಯೇ? ಪೆಟ್ರೋಲ್ ಮತ್ತು ಉಷ್ಣತೆಯ ಮೀಟರ್‌ಗಳು ಸರಿಯಾಗಿವೆಯೇ?

ಈ ಕೊನೆಯ ಪ್ರಶ್ನೆ ಬಹಳ ಸಮಯ ಉಳಿಸುತ್ತದೆ. ಎಲ್ಲ ಮೀಟರ್‌ಗಳೂ ಒಟ್ಟಿಗೆ ಸತ್ತಿದ್ದರೆ ಟ್ಯಾಕೋಮೀಟರನ್ನು ಬಿಟ್ಟು ಫ್ಯೂಸ್ ಪೆಟ್ಟಿಗೆಗೆ ಹೋಗಬೇಕು. ಟ್ಯಾಕೋಮೀಟರ್ ಒಂದೇ ಸತ್ತಿದ್ದರೆ ಅದರ ಸ್ವಂತ ವಯರುಗಳ ಕಡೆಗೆ ನೋಡಬೇಕು. ಹೆಡ್‌ಲೈಟ್ ಹಾಕಿದಾಗ ಮುಳ್ಳು ಸರಿದರೆ ಬಹುಮಟ್ಟಿಗೆ ಅರ್ತ್ ದುರ್ಬಲ, ಇಲ್ಲವೇ ಮೀಟರಿನ ಒಳಗೆ ವೋಲ್ಟೇಜನ್ನು ಸ್ಥಿರವಾಗಿಡುವ ಝೀನರ್ ಡಯೋಡ್ ಕೆಟ್ಟಿದೆ. ಹೆಚ್ಚಿನ ವೇಗದಲ್ಲಿ ಮಾತ್ರ ಕುಣಿದರೆ ಸಂಶಯ ಪಾಯಿಂಟ್‌ಗಳ ಮೇಲೆ. ಮುಳ್ಳು ಬೀಳುವಾಗಲೆಲ್ಲ ಇಂಜಿನ್ ಕೂಡ ತಡವರಿಸಿದರೆ ಮೀಟರ್ ನಿಜವನ್ನೇ ಹೇಳುತ್ತಿದೆ. ಆಗ ದುರಸ್ತಿ ಬೇಕಾದದ್ದು ಇಗ್ನಿಷನ್ನಿಗೆ.

ಅರ್ತ್ ಮತ್ತು ವಿದ್ಯುತ್ತು

ನಮ್ಮ ಕರಾವಳಿಯಲ್ಲಿ ಈ ಹಂತಕ್ಕೆ ಉಳಿದೆಲ್ಲದಕ್ಕಿಂತ ಹೆಚ್ಚು ಸಮಯ ಕೊಡಬೇಕು. ಕುಂಬಳೆ, ಉಪ್ಪಳ, ಮಂಜೇಶ್ವರದಂಥ ಊರುಗಳಲ್ಲಿ ಕಡಲಿನ ಉಪ್ಪುಗಾಳಿ ಶೆಡ್ಡಿನೊಳಗೂ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆಯ ತೇವ ಆರುವುದೇ ಇಲ್ಲ, ಮಳೆ ನಿಂತ ಮೇಲೆ ಮುರಕಲ್ಲಿನ ಕೆಂಪು ಧೂಳು ಆ ತೇವದ ಮೇಲೆ ಕೂರುತ್ತದೆ. ಹೊರಗಿನಿಂದ ಹೊಳೆಯುವ ಸ್ಕ್ರೂವಿನ ಕೆಳಗೆ ತಗಡು ತುಕ್ಕು ಹಿಡಿದು, ವಯರಿನ ಲಗ್ ಹಸಿರು ಬಣ್ಣಕ್ಕೆ ತಿರುಗಿ, ಕಣ್ಣಿಗೆ ಗಟ್ಟಿಯಾಗಿ ಕಾಣುವ ಜೋಡಣೆಯಲ್ಲಿ ವಿದ್ಯುತ್ತು ಮಾತ್ರ ದಾಟುವುದಿಲ್ಲ.

ಆದ್ದರಿಂದ ಅರ್ತನ್ನು ಕಣ್ಣಿನಿಂದ ನೋಡಿ ಒಪ್ಪದೆ ವೋಲ್ಟಿನಲ್ಲಿ ಅಳೆಯಬೇಕು. ಋಣ ಅರ್ತ್ ಇರುವ ಕಾರಿನಲ್ಲಿ ಇಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಾಕಿಕೊಂಡು, ಮಲ್ಟಿಮೀಟರಿನ ಕಪ್ಪು ತುದಿಯನ್ನು ಬ್ಯಾಟರಿಯ ಋಣ ಕಂಬದ ಸೀಸಕ್ಕೇ ಒತ್ತಿ, ಕೆಂಪು ತುದಿಯನ್ನು ಟ್ಯಾಕೋಮೀಟರಿನ ಅರ್ತ್ ತುದಿಗೆ, ಅಂಥ ತುದಿ ಇಲ್ಲದಿದ್ದರೆ ಅದರ ಲೋಹದ ಕವಚಕ್ಕೆ ಒತ್ತಿ ನೋಡಿ. 0.1 ವೋಲ್ಟಿನ ಒಳಗಿದ್ದರೆ ಅರ್ತ್ ಚೆನ್ನಾಗಿದೆ. 0.2ಕ್ಕಿಂತ ಮೇಲಿದ್ದರೆ ಮಧ್ಯೆ ಎಲ್ಲೋ ತಡೆಯಿದೆ. ಆಗ ಕೆಂಪು ತುದಿಯನ್ನು ಒಂದೊಂದೇ ಜೋಡಣೆಯಾಗಿ ಬ್ಯಾಟರಿಯ ಕಡೆಗೆ ತರುತ್ತ ಹೋದರೆ, ಓದು ಥಟ್ಟನೆ ಕಡಿಮೆಯಾದ ಜೋಡಣೆಯೇ ತಪ್ಪಿತಸ್ಥ. ಇಂಜಿನ್ನಿಗೂ ಬಾಡಿಗೂ ನಡುವಿನ ಹೆಣೆದ ತಾಮ್ರದ ಪಟ್ಟಿಯನ್ನು ಮರೆಯಬೇಡಿ; ಅದು ಇಂಜಿನ್ನಿನ ಅಡಿಯಲ್ಲಿ ಕೆಸರಿನ ನಡುವೆ ಇರುವುದರಿಂದ ಬೇಗ ಕೊಳೆಯುತ್ತದೆ.

ಹಲವು ಹಳೆಯ ಕಾರುಗಳಲ್ಲಿ ಮೀಟರನ್ನು ಹಿಂದಿನಿಂದ ಹಿಡಿದಿರುವ ತಗಡಿನ ಬ್ರಾಕೆಟ್ ಮತ್ತು ಅದರ ತಿರುಗಿಸುವ ನಟ್ ಮೂಲಕವೇ ಅರ್ತ್ ಸಿಗುತ್ತದೆ. ಡ್ಯಾಶ್‌ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ ಮೇಲೆ ಟ್ಯಾಕೋಮೀಟರ್ ಸತ್ತಿತೆಂದರೆ ಬಣ್ಣದ ಪದರವೇ ಕಾರಣವಾಗಿರಬಹುದು. ಬ್ರಾಕೆಟ್, ನಟ್, ಲಗ್‌ಗಳನ್ನು ಎಮರಿ ಕಾಗದದಿಂದ ಲೋಹ ಹೊಳೆಯುವಷ್ಟು ಉಜ್ಜಿ, ಬಿಗಿಯಾಗಿ ಜೋಡಿಸಿದ ಮೇಲೆ ಹೊರಗಿನಿಂದ ತೆಳುವಾಗಿ ವ್ಯಾಸಲಿನ್ ಸವರಿ. ನಾನಂತೂ ಪ್ರತಿ ಮೀಟರಿಗೂ ಬಾಡಿಯನ್ನು ನಂಬದೆ ಪ್ರತ್ಯೇಕ ಕಪ್ಪು ವಯರ್ ಕೊಟ್ಟು, ಎಲ್ಲವನ್ನೂ ಒಂದೇ ಶುದ್ಧ ಬೋಲ್ಟಿಗೆ ತಂದಿದ್ದೇನೆ. ಒಂದು ಮಧ್ಯಾಹ್ನದ ಆ ಕೆಲಸ ಹಲವು ಮಳೆಗಾಲಗಳ ಗೊಂದಲವನ್ನು ತಪ್ಪಿಸಿದೆ.

ಅರ್ತ್ ಸರಿಯಿದ್ದರೆ ವಿದ್ಯುತ್ತಿಗೆ ಬನ್ನಿ. ಇಗ್ನಿಷನ್ ತೆರೆದಾಗ ಮೀಟರಿನ ವಿದ್ಯುತ್ ತುದಿಯಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ಇರಬೇಕು: ಇಂಜಿನ್ ನಿಂತಿರುವಾಗ ಸುಮಾರು 12.5, ಚಾರ್ಜ್ ಆಗುತ್ತಿರುವಾಗ 13.8ರಿಂದ 14.4. ಲೂಕಾಸ್ ವಯರಿಂಗಿನಲ್ಲಿ ಕಂದು ಎಂದರೆ ಬ್ಯಾಟರಿಯಿಂದ ಸದಾ ಜೀವಂತ, ಬಿಳಿ ಎಂದರೆ ಇಗ್ನಿಷನ್ ತೆರೆದಾಗ ಫ್ಯೂಸಿಲ್ಲದೆ ಬರುವುದು, ಹಸಿರು ಎಂದರೆ ಇಗ್ನಿಷನ್ ತೆರೆದಾಗ ಫ್ಯೂಸ್ ಮೂಲಕ ಬರುವುದು, ಕಪ್ಪು ಎಂದರೆ ಅರ್ತ್. ಹಸಿರು ವಯರಿನಲ್ಲಿ ವೋಲ್ಟ್ ಕಡಿಮೆಯಿದ್ದರೆ ಫ್ಯೂಸನ್ನು ಹೊರತೆಗೆದು, ಅದನ್ನು ಹಿಡಿಯುವ ಹಿತ್ತಾಳೆಯ ಕಿವಿಗಳನ್ನು ಉಜ್ಜಿ ಸ್ವಲ್ಪ ಒಳಕ್ಕೆ ಬಗ್ಗಿಸಿ. ಫ್ಯೂಸ್ ಸುಡದೆಯೂ ಕಿವಿಗಳ ಕಿಲುಬು ಅರ್ಧ ವೋಲ್ಟನ್ನು ನುಂಗಬಲ್ಲದು.

ಅಡಿಕೆ ಒಣಗಿಸುವ ಅಂಗಳದ ಪಕ್ಕದ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಾದರೆ ಇಲಿಗಳು ವಯರಿನ ಹೊದಿಕೆಯನ್ನು ಕಡಿದಿವೆಯೇ ಎಂದು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಹಿಂಭಾಗವನ್ನು ನೋಡಿ. ಕುಂಬಾರ ಹುಳದ ಮಣ್ಣಿನ ಗೂಡು ಟರ್ಮಿನಲ್‌ಗಳ ಮೇಲೆ ಕಟ್ಟಿರುವುದನ್ನೂ ನಾನು ಕಂಡಿದ್ದೇನೆ. ಒಣಗಿದ ಮಣ್ಣು ಬೇಸಿಗೆಯಲ್ಲಿ ನಿರುಪದ್ರವಿ, ಮಳೆಗಾಲದಲ್ಲಿ ತೇವ ಹೀರಿ ವಿದ್ಯುತ್ತನ್ನು ಅತ್ತಿತ್ತ ಸೋರಿಸುತ್ತದೆ.

ಸಂಕೇತ ಬರುತ್ತಿದೆಯೇ

ನಾಲ್ಕು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಇಂಜಿನ್ ಒಂದು ಸುತ್ತು ತಿರುಗುವಾಗ ಎರಡು ಕಿಡಿ ಹುಟ್ಟುತ್ತದೆ. ನಿಮಿಷಕ್ಕೆ 900 ಸುತ್ತಿನ ಐಡ್ಲಿಂಗ್‌ನಲ್ಲಿ ಕಾಯಿಲ್ ಸೆಕೆಂಡಿಗೆ 30 ಬಾರಿ, 3000 ಸುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಮೀಟರಿನ ಒಳಗಿನ ಸರ್ಕಿಟ್ ಒಂದೇ ಅಳತೆಯ ಸಣ್ಣ ಕರೆಂಟನ್ನು ಕೊಡುತ್ತದೆ, ಮುಳ್ಳು ಅವುಗಳ ಸರಾಸರಿಯನ್ನು ತೋರಿಸುತ್ತದೆ. ಹಾಗಾಗಿ ಮಿಡಿತ ತಪ್ಪಿದರೆ ಮುಳ್ಳು ಇಳಿಯುತ್ತದೆ, ಇಲ್ಲದ ಮಿಡಿತ ಸೇರಿಕೊಂಡರೆ ಮುಳ್ಳು ಹಾರುತ್ತದೆ.

ಕಾಯಿಲ್‌ನ ಋಣ ತುದಿಯಲ್ಲಿ, ಅಂದರೆ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವಯರ್ ಇರುವ ಕಡೆ, ಪಾಯಿಂಟ್ ತೆರೆಯುವ ಗಳಿಗೆಯಲ್ಲಿ ಇನ್ನೂರು ಮುನ್ನೂರು ವೋಲ್ಟಿನ ನೆಗೆತ ಇರುವುದರಿಂದ ಅಗ್ಗದ ಮಲ್ಟಿಮೀಟರನ್ನು ಅಲ್ಲಿಗೆ ಒಡ್ಡುವುದಕ್ಕಿಂತ ಟೆಸ್ಟ್ ಲ್ಯಾಂಪ್ ಒಳ್ಳೆಯದು. ಲ್ಯಾಂಪಿನ ಒಂದು ತುದಿಯನ್ನು ಅರ್ತ್‌ಗೆ, ಇನ್ನೊಂದನ್ನು ಕಾಯಿಲ್‌ನ ಋಣ ತುದಿಗೆ ಸಿಕ್ಕಿಸಿ, ಇಗ್ನಿಷನ್ ತೆರೆದು, ಸಹಾಯಕರಿಂದ ಸ್ಟಾರ್ಟರ್ ತಿರುಗಿಸಿ. ಪಾಯಿಂಟ್ ತೆರೆದಾಗ ಹೊತ್ತಿ, ಮುಚ್ಚಿದಾಗ ಆರಿ, ಲ್ಯಾಂಪ್ ಮಿನುಗಬೇಕು. ಇದೇ ಪರೀಕ್ಷೆಯನ್ನು ಮೀಟರಿನ ತುದಿಯಲ್ಲೂ ಮಾಡಿ. ಕಾಯಿಲ್‌ನಲ್ಲಿ ಮಿನುಗಿ ಮೀಟರಿನಲ್ಲಿ ಮಿನುಗದಿದ್ದರೆ ನಡುವಿನ ವಯರ್ ತುಂಡಾಗಿದೆ. ಹೊರಗಿನಿಂದ ತಂದು ಹಾಕಿದ ಕೆಲವು ಮೀಟರ್‌ಗಳ ಸಂಕೇತದ ವಯರಿನಲ್ಲಿ ಒಂದು ರೆಸಿಸ್ಟರ್ ಅಡಗಿರುತ್ತದೆ. ಅಂಥಲ್ಲಿ ಲ್ಯಾಂಪ್ ಹೊತ್ತದಿರುವುದು ಸಹಜ, ಮತ್ತು ಟೇಪಿನ ಉಬ್ಬೆಂದು ತಿಳಿದು ಆ ರೆಸಿಸ್ಟರನ್ನು ಕತ್ತರಿಸಿ ತೆಗೆಯಬಾರದು.

ಇಲ್ಲಿಂದ ಮುಂದೆ ನಿರ್ಣಾಯಕವಾದ ಒಂದು ಪರೀಕ್ಷೆಯಿದೆ, ಸಮಯ ಕಡಿಮೆಯಿದ್ದರೆ ಇದೊಂದನ್ನಾದರೂ ಮಾಡಿ. ಮೂರು ವಯರಿನ ಮೀಟರಿನಿಂದ ಕಾರಿನ ಎಲ್ಲ ವಯರುಗಳನ್ನೂ ಕಳಚಿ ತುದಿಗಳಿಗೆ ಟೇಪ್ ಸುತ್ತಿ. ಫ್ಯೂಸ್ ಇರುವ ಪರೀಕ್ಷಾ ವಯರನ್ನು ಬ್ಯಾಟರಿಯ ಧನ ತುದಿಯಿಂದ, ಎರಡನೆಯದನ್ನು ಋಣ ತುದಿಯಿಂದ, ಮೂರನೆಯದನ್ನು ಕಾಯಿಲ್‌ನ ಋಣ ತುದಿಯಿಂದ ನೇರವಾಗಿ ಮೀಟರಿಗೆ ತಂದು, ಫ್ಯಾನ್ ಬೆಲ್ಟಿನಿಂದ ದೂರವಿಟ್ಟು, ಇಂಜಿನ್ ಓಡಿಸಿ. ಮುಳ್ಳು ಸರಿಯಾಗಿ ಏರಿದರೆ ಮೀಟರ್ ನಿರ್ದೋಷಿ. ಪರೀಕ್ಷಾ ವಯರುಗಳನ್ನು ಒಂದೊಂದಾಗಿ ತೆಗೆದು ಕಾರಿನ ವಯರನ್ನು ಹಿಂದಕ್ಕೆ ಜೋಡಿಸುತ್ತ ಹೋದಾಗ ಯಾವುದರಲ್ಲಿ ಮುಳ್ಳು ಸಾಯುತ್ತದೋ ಅದೇ ದೋಷದ ವಯರ್. ನೇರ ವಯರುಗಳಿದ್ದೂ ಮುಳ್ಳು ಅಲುಗದಿದ್ದರೆ ಮಾತ್ರ ಮೀಟರಿನ ಮೇಲೆ ಸಂಶಯಪಡುವ ಹಕ್ಕು ನಮಗೆ ಬರುತ್ತದೆ.

ಆರ್.ವಿ.ಐ. ಮಾದರಿಯಲ್ಲಿ ಸಂಕೇತಕ್ಕೆ ಪ್ರತ್ಯೇಕ ವಯರಿಲ್ಲ. ಬಿಳಿಯ ವಯರಿನ ಸುರುಳಿ ತನ್ನ ಹಿಡಿಕೆಯೊಳಗೆ ಸರಿಯಾಗಿ ಕುಳಿತಿದೆಯೇ, ಸುತ್ತಿನ ದಿಕ್ಕು ಸರಿಯಿದೆಯೇ ಎಂದು ನೋಡಬೇಕು. ಅರ್ತ್ ಧ್ರುವ ಬದಲಿಸಿದ ಕಾರುಗಳಲ್ಲಿ ಸುರುಳಿಯ ದಿಕ್ಕನ್ನೂ, ಮೀಟರಿನೊಳಗಿನ ವಿದ್ಯುತ್ ಜೋಡಣೆಯನ್ನೂ ಬದಲಿಸದಿದ್ದರೆ ಅದು ಓದುವುದಿಲ್ಲ. ನಂತರದ ಆರ್.ವಿ.ಐ. ಮೀಟರ್‌ಗಳಲ್ಲಿ ಸುರುಳಿ ಒಳಗೇ ಇದ್ದು, ಹೊರಗೆ ಎರಡು ಬುಲೆಟ್ ಕನೆಕ್ಟರ್‌ಗಳು (ಒತ್ತಿ ಸಿಕ್ಕಿಸುವ ಗುಂಡು ತುದಿಯ ಜೋಡಣೆಗಳು) ಮಾತ್ರ ಕಾಣುತ್ತವೆ. ಇಗ್ನಿಷನ್ನಿನ ಪೂರ್ಣ ಕರೆಂಟ್ ಇವುಗಳ ಮೂಲಕವೇ ಹರಿಯುವುದರಿಂದ ಕನೆಕ್ಟರ್ ಸಡಿಲಾದರೆ ಇಂಜಿನ್ನೇ ನಿಲ್ಲುತ್ತದೆ. ದಾರಿಯಲ್ಲಿ ಹಾಗಾದರೆ ಆ ಎರಡು ಬಿಳಿ ವಯರುಗಳನ್ನು ಮೀಟರಿನಿಂದ ಕಳಚಿ ಒಂದಕ್ಕೊಂದು ನೇರವಾಗಿ ಸೇರಿಸಿ, ಜೋಡಣೆಗೆ ಟೇಪ್ ಸುತ್ತಿ, ಟ್ಯಾಕೋಮೀಟರ್ ಇಲ್ಲದೆ ಮನೆ ಸೇರಬಹುದು.

ಸಂಕೇತ ಬಂದರೂ ಮುಳ್ಳು ಕುಣಿಯುತ್ತಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯಿರಿ. ಪಾಯಿಂಟಿನ ಅಂತರ ಈ ಕಾಲದ ಹೆಚ್ಚಿನ ಕಾರುಗಳಲ್ಲಿ 0.4 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ನಿಮ್ಮ ಕಾರಿನ ಕೈಪಿಡಿಯ ಅಂಕಿಯನ್ನೇ ಅನುಸರಿಸಿ. ಪಾಯಿಂಟಿನ ಸ್ಪ್ರಿಂಗ್ ದುರ್ಬಲವಾದರೆ ಅಧಿಕ ವೇಗದಲ್ಲಿ ಅದು ಪುಟಿದು ಹೆಚ್ಚುವರಿ ಮಿಡಿತ ಹುಟ್ಟಿಸುತ್ತದೆ. ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಬೆರಳಿನಿಂದ ಅಡ್ಡಕ್ಕೆ ಅಲುಗಿಸಿದಾಗ ಕೈಗೆ ಆಟ ತಿಳಿಯುವಂತಿದ್ದರೆ ಬುಷ್ ಸವೆದಿದೆ. ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಸುಮಾರು 0.2 ಮೈಕ್ರೊಫ್ಯಾರಡ್‌ನದು, ಬೆಲೆಯೂ ಹೆಚ್ಚಲ್ಲ, ಸಂಶಯವಿದ್ದರೆ ಬದಲಿಸಿ. ರೆಸಿಸ್ಟರ್ ಇರುವ ಪ್ಲಗ್ ವಯರುಗಳನ್ನು ತೆಗೆದು ಬರಿಯ ತಾಮ್ರದ ತಂತಿಯ ವಯರುಗಳನ್ನು ಹಾಕಿದ್ದರೆ, ಅವು ಹೊರಸೂಸುವ ವಿದ್ಯುತ್ ಗದ್ದಲವನ್ನೂ ಟ್ಯಾಕೋಮೀಟರ್ ಮಿಡಿತವೆಂದು ಎಣಿಸಬಹುದು. ಸಂಕೇತದ ವಯರನ್ನು ಪ್ಲಗ್ ವಯರುಗಳ ಜೊತೆಗೆ ಕಟ್ಟಿದ್ದರೆ ಇದು ಇನ್ನೂ ಹೆಚ್ಚು.

ಪಾಯಿಂಟ್ ತೆಗೆದು ಇಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ದಿನದಿಂದ ಮೀಟರ್ ನಿಂತಿದ್ದರೆ ಮೀಟರನ್ನು ದೂರಬೇಡಿ. ವೋಲ್ಟೇಜ್ ಎಣಿಸುವ ಮಾದರಿಗಳು ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ, ಕರೆಂಟ್ ಎಣಿಸುವ ಆರ್.ವಿ.ಐ. ಕೆಲವೊಮ್ಮೆ ಹೊಂದಿಕೊಳ್ಳುವುದಿಲ್ಲ. ಒಂದು ಕಿಡಿಯ ಜಾಗದಲ್ಲಿ ಹಲವು ಕಿಡಿಗಳನ್ನು ಕೊಡುವ ಸಿ.ಡಿ.ಐ. ಪೆಟ್ಟಿಗೆಗಳಿಗೆ ಪ್ರತ್ಯೇಕ ಅಡಾಪ್ಟರ್ ಬೇಕಾಗುತ್ತದೆ.

ಕೇಬಲ್ ಇರುವ ಮೀಟರ್

ಯಾಂತ್ರಿಕ ಮೀಟರಿನೊಳಗೆ ಕೇಬಲ್ ತಿರುಗಿಸುವ ಅಯಸ್ಕಾಂತವು ಅಲ್ಯೂಮಿನಿಯಮಿನ ಬಟ್ಟಲೊಂದನ್ನು ಮುಟ್ಟದೆಯೇ ಎಳೆಯುತ್ತದೆ, ನವಿರಾದ ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಮುಳ್ಳು ಕಡಿಮೆ ವೇಗದಲ್ಲಿ ತೂಗಾಡಿದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಬಿಗಿಯಾಗಿ ಬಾಗಿದೆ. ಸುಮಾರು 150 ಮಿಲಿಮೀಟರ್ ತ್ರಿಜ್ಯಕ್ಕಿಂತ ಚಿಕ್ಕ ಬಾಗು ಇರಬಾರದು. ಒಳಗಿನ ತಂತಿಯನ್ನು ಹೊರಗೆಳೆದು, ಚೌಕ ತುದಿಗಳು ಉರುಟಾಗಿವೆಯೇ ಎಂದು ನೋಡಿ, ಮೇಜಿನ ಮೇಲೆ ಉರುಳಿಸಿ. ಅಡ್ಡಾದಿಡ್ಡಿಯಾಗಿ ಕುಣಿದರೆ ಅದು ತಿರುಚಿದೆ. ಗ್ರೀಸನ್ನು ಕೆಳಗಿನ ಮೂರನೇ ಎರಡು ಭಾಗಕ್ಕೆ ಮಾತ್ರ ತೆಳುವಾಗಿ ಸವರಿ, ಮೀಟರಿನ ಕಡೆಯ ಒಂದು ಗೇಣನ್ನು ಗ್ರೀಸ್ ಹಚ್ಚದೆ ಒಣದಾಗಿಯೇ ಬಿಡಬೇಕು. ಹೆಚ್ಚಾದ ಗ್ರೀಸ್ ತಂತಿಯ ಸುರುಳಿಯ ಜೊತೆಗೆ ಮೇಲೇರಿ ಬಟ್ಟಲಿಗೆ ಮೆತ್ತಿಕೊಂಡರೆ ಮುಳ್ಳು ಸುಳ್ಳು ಅಂಕಿಗೆ ಅಂಟುತ್ತದೆ.

ಓಡುತ್ತದೆ, ಆದರೆ ತಪ್ಪು ತೋರಿಸುತ್ತದೆ

ತಪ್ಪಿನ ಪ್ರಮಾಣವನ್ನು ಮೊದಲು ಕಂಡುಹಿಡಿಯಿರಿ, ಏಕೆಂದರೆ ಕೆಲವೊಮ್ಮೆ ಆ ಪ್ರಮಾಣವೇ ಕಾರಣವನ್ನು ಹೇಳುತ್ತದೆ. ನಿಜವಾದ 900 ಸುತ್ತನ್ನು ಮೀಟರ್ 600 ಎಂದರೆ ಅದು ಆರು ಸಿಲಿಂಡರಿಗೆ ಹೊಂದಿಸಿದ್ದು, 450 ಎಂದರೆ ಎಂಟಕ್ಕೆ. ಹೊರಗಿನಿಂದ ತಂದು ಹಾಕಿದ ಮೀಟರಿನ ಹಿಂಭಾಗದಲ್ಲಿ 4, 6, 8 ಎಂಬ ಸ್ವಿಚ್ ಹೆಚ್ಚಾಗಿ ಇರುತ್ತದೆ. ಸ್ವಿಚ್ ಸರಿಯಿದ್ದರೂ ಓದು ತಪ್ಪಿದ್ದರೆ ಅದನ್ನು ಹತ್ತು ಸಲ ಅತ್ತಿತ್ತ ತಿರುಗಿಸಿ ಒಳಗಿನ ಕಿಲುಬು ಬಿಡಿಸಿ. ಡೀಸೆಲ್ ಕಾರಿನಲ್ಲಿ ಆಲ್ಟರ್ನೇಟರಿನ ಪುಲ್ಲಿ ಬದಲಿಸಿದರೂ, ಬೆಲ್ಟ್ ಜಾರಿದರೂ ಓದು ಬದಲಾಗುತ್ತದೆ.

ಉಳಿದಂತೆ ನಿಜವಾದ ಸುತ್ತನ್ನು ತಿಳಿಯಲು ಯಾವ ದುಬಾರಿ ಉಪಕರಣವೂ ಬೇಕಾಗಿಲ್ಲ. ಹಿಂದಿನ ಚಕ್ರದ ಟಯರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಚಾಲಕರನ್ನು ಕೂರಿಸಿ, ಚಕ್ರ ಒಂದು ಸುತ್ತು ಉರುಳುವಷ್ಟು ಕಾರನ್ನು ತಳ್ಳಿ ದೂರ ಅಳೆಯಿರಿ. ಅದು 1.80 ಮೀಟರ್ ಎಂದೂ, ಡಿಫರೆನ್ಷಿಯಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗುತ್ತದೆ ಎಂಬುದು) 4.3 ಎಂದೂ ಇಟ್ಟುಕೊಳ್ಳೋಣ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1000 ಮೀಟರ್. ಅದನ್ನು 1.80ರಿಂದ ಭಾಗಿಸಿ 4.3ರಿಂದ ಗುಣಿಸಿದರೆ ಸುಮಾರು 2390 ಬರುತ್ತದೆ. ಟಾಪ್ ಗೇರ್ ನೇರ ಅನುಪಾತದ್ದಾಗಿರುವ ಹಿಂಚಕ್ರ ಚಾಲನೆಯ ಕಾರಿನಲ್ಲಿ ಅದೇ ಇಂಜಿನ್ನಿನ ಸುತ್ತು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಗೂ ಕಾಸರಗೋಡಿಗೂ ನಡುವೆ ಸಮತಟ್ಟಾದ ಜಾಗದಲ್ಲಿ, ವಾಹನಗಳು ಕಡಿಮೆಯಿರುವ ಬೆಳಗ್ಗೆ, ಪಕ್ಕದಲ್ಲಿ ಕುಳಿತವರು ಫೋನಿನ ಜಿ.ಪಿ.ಎಸ್. ವೇಗವನ್ನು ಓದುತ್ತ, ನೀವು 60ರಲ್ಲಿ ಸ್ಥಿರವಾಗಿ ಓಡಿಸಿ, ಮುಳ್ಳಿನ ಓದನ್ನು ಅವರಿಂದಲೇ ಬರೆಸಿ. ಕಾರಿನ ಸ್ವಂತ ವೇಗಮಾಪಕವನ್ನು ಈ ಲೆಕ್ಕಕ್ಕೆ ಬಳಸಬೇಡಿ. ಅದೂ ಅಷ್ಟೇ ಹಳೆಯದು.

ಮನೆಯಲ್ಲೇ ಮಾಡಬಹುದಾದ ಇನ್ನೊಂದು ದಾರಿ ಮನೆಯ ವಿದ್ಯುತ್ತಿನದು. ಅದರ ಆವರ್ತನ 50 ಹರ್ಟ್ಸ್. 230 ವೋಲ್ಟನ್ನು 12 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರಿನಿಂದ ಒಂದು ಡಯೋಡ್ ಮೂಲಕ ಸಂಕೇತ ಕೊಟ್ಟರೆ ನಾಲ್ಕು ಸಿಲಿಂಡರಿನ ಮೀಟರ್ 1500 ಎಂದೂ, ನಾಲ್ಕು ಡಯೋಡಿನ ಸೇತುವೆಯ ಮೂಲಕ ಕೊಟ್ಟರೆ 3000 ಎಂದೂ ತೋರಿಸಬೇಕು. ಕಾಯಿಲ್‌ನ ದೊಡ್ಡ ನೆಗೆತವಿಲ್ಲದೆ ಎಚ್ಚೆತ್ತುಕೊಳ್ಳದ ಮೀಟರ್‌ಗಳೂ ಇರುವುದರಿಂದ, ಇಲ್ಲಿ ಮುಳ್ಳು ಅಲುಗದಿದ್ದ ಮಾತ್ರಕ್ಕೆ ಅದು ಕೆಟ್ಟಿದೆ ಎನ್ನುವಂತಿಲ್ಲ. 230 ವೋಲ್ಟಿನ ಕಡೆಯ ಕೆಲಸ ತಿಳಿದವರಿಲ್ಲದೆ ಈ ಪರೀಕ್ಷೆಗೆ ಕೈಹಾಕಬೇಡಿ.

ಕೊನೆಗೆ, ಡಯಲ್ ಬಿಚ್ಚುವುದು

ಮೇಲಿನ ಎಲ್ಲವನ್ನೂ ದಾಟಿ ದೋಷ ಒಳಗೇ ಇದೆ ಎಂದು ಸಾಬೀತಾದರೆ ಮೀಟರನ್ನು ಹೊರತೆಗೆದು, ಗಾಳಿಯಿಲ್ಲದ ಕೋಣೆಯಲ್ಲಿ ಬಿಳಿಯ ಬಟ್ಟೆಯ ಮೇಲಿಟ್ಟು ಕೆಲಸ ಮಾಡಿ. ಸ್ಮಿತ್ಸ್ ಮೀಟರಿನ ಕ್ರೋಮ್ ಉಂಗುರವನ್ನು ಅದರ ಹಲ್ಲುಗಳು ಕವಚದ ಕಚ್ಚುಗಳಿಗೆ ಎದುರಾಗುವವರೆಗೆ ತಿರುಗಿಸಿದರೆ ಅದು ಬಿಡುತ್ತದೆ. ಉಪ್ಪುಗಾಳಿಯ ತುಕ್ಕಿನಿಂದ ಅಂಟಿಕೊಂಡಿದ್ದರೆ ಸ್ಕ್ರೂ ಡ್ರೈವರಿನಿಂದ ಎಬ್ಬಿಸದೆ ಹಗುರವಾದ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಮುಳ್ಳನ್ನು ಕೀಳಬೇಡಿ, ಡಯಲಿನ ಮುದ್ರಣವನ್ನು ಯಾವ ದ್ರವದಿಂದಲೂ ಒರೆಸಬೇಡಿ. ಆ ಬಣ್ಣ ಒಮ್ಮೆ ಹೋದರೆ ಹಿಂದೆ ಬರುವುದಿಲ್ಲ.

ಮುಳ್ಳಿನ ಚಲನೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬಹುದು. ಅದು ಮೂಲತಃ ಒಂದು ಮಿಲಿಆಮೀಟರ್. ಚಲನೆಗೆ ಹೋಗುವ ಎರಡು ತಂತಿಗಳಲ್ಲಿ ಒಂದನ್ನು ಸರ್ಕಿಟಿನಿಂದ ಬಿಡಿಸಿ, ಒಂದೂವರೆ ವೋಲ್ಟಿನ ಸೆಲ್ಲನ್ನು 10 ಕಿಲೋಓಮ್ ರೆಸಿಸ್ಟರಿನ ಮೂಲಕ ಸಂಪರ್ಕಿಸಿ, ರೆಸಿಸ್ಟರನ್ನು ಕ್ರಮೇಣ ಕಡಿಮೆ ಮಾಡುತ್ತ ಹೋದರೆ ಮುಳ್ಳು ನಯವಾಗಿ ಏರಬೇಕು. ಒಂದೇ ಜಾಗದಲ್ಲಿ ತಡೆದರೆ ಧೂಳಿನ ಕಣವೋ ಉಬ್ಬಿದ ಡಯಲೋ ಕಾರಣ. ಮುಳ್ಳು ಸರಿಯಿದ್ದು ಸರ್ಕಿಟ್ ಸತ್ತಿದ್ದರೆ ಬಿರುಕುಬಿಟ್ಟ ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ಹುಡುಕಿ, ಒಣಗಿದ ಇಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಅದೇ ಮೌಲ್ಯದ ಹೊಸದರಿಂದ ಬದಲಿಸಿ, ರೆಸಿಸ್ಟರ್‌ಗಳ ಮೌಲ್ಯವನ್ನು ಅಳೆದು ನೋಡಿ. ಹಲವು ಮಾದರಿಗಳಲ್ಲಿ ಓದನ್ನು ಹೊಂದಿಸುವ ಚಿಕ್ಕ ತಿರುಪು ಇರುತ್ತದೆ. ಅದನ್ನು ತಿರುಗಿಸುವ ಮೊದಲು ಅದರ ಈಗಿನ ಸ್ಥಾನವನ್ನು ಸೂಜಿಮೊನೆಯಿಂದ ಗುರುತಿಸಿ, ಹೆದ್ದಾರಿಯಲ್ಲಿ ಬರೆದುಕೊಂಡ ಅಂಕಿಗೆ ಹೊಂದಿಸಿ. ಸ್ಪ್ರಿಂಗ್ ಅಥವಾ ಮುಳ್ಳಿನ ಅಚ್ಚು ಕೆಟ್ಟಿದ್ದರೆ ಅಲ್ಲಿಗೆ ನಿಲ್ಲಿಸಿ, ಮೀಟರ್ ದುರಸ್ತಿಯೇ ಕಸುಬಾಗಿರುವವರ ಕೈಗೆ ಕೊಡಿ. ಕೈಗಡಿಯಾರ ದುರಸ್ತಿ ಮಾಡುವ ಹಿರಿಯರು ಈ ಕೆಲಸವನ್ನು ಮಾಡಿಕೊಟ್ಟದ್ದನ್ನೂ ನಾನು ನೋಡಿದ್ದೇನೆ.

ಮರಳಿ ಜೋಡಿಸುವಾಗ ಗಾಜಿನ ಕೆಳಗಿನ ರಬ್ಬರ್ ಸುತ್ತನ್ನು ಹೊಸದು ಹಾಕಿ, ಇಲ್ಲದಿದ್ದರೆ ಮೊದಲ ಮಳೆಗೇ ಗಾಜಿನೊಳಗೆ ಮಂಜು ಕಟ್ಟುತ್ತದೆ. ತಗಡಿನ ತೂತಿಗೆ ಗ್ರೊಮೆಟ್ ತೊಡಿಸಿ, ಸಂಕೇತದ ವಯರನ್ನು ಪ್ಲಗ್ ವಯರುಗಳಿಂದ ಒಂದು ಗೇಣು ದೂರದಲ್ಲಿ ಹಾಯಿಸಿ, ಕಾಯಿಲ್‌ನ ಬಳಿ ಕೈಗೆ ಸುಲಭವಾಗಿ ಸಿಗುವಂತೆ ಅದಕ್ಕೊಂದು ಬುಲೆಟ್ ಕನೆಕ್ಟರ್ ಹಾಕಿ. ಆದೂರಿನ ಆ ತಿರುವಿನಲ್ಲಿ ನನಗೆ ಸುರಿಯುವ ಮಳೆಯಲ್ಲಿ ಸ್ಪ್ಯಾನರ್ ಹುಡುಕಬೇಕಾಗಿತ್ತು. ಈಗ ಅದೇ ವಯರನ್ನು ಎರಡು ಬೆರಳಿನಲ್ಲಿ ಎಳೆದು ಬಿಡಿಸಬಹುದು.